ನೆರಳು ಬೇಡವೆಂದ ಗಾಡಿ

ವಿದ್ಯಾವತಿಯ ಗಾಡಿ ಯಾವ ಊರಿಗೆ ಹೋದರೂ ಮೊದಲು ಕಿವಿಗೆ ಬೀಳುವ ಮಾತು ಒಂದೇ. “ನೆಳ್ಳಿಗಿ ನಿಂದ್ರಸ್ರಿ.” ಬೇಸಿಗೆಯಲ್ಲಿ ಈ ಕಡೆಯ ಊರುಗಳಲ್ಲಿ ಬಂದವರಿಗೆ ತಂಬಿಗೆ ನೀರು ಕೊಡುವ ಮೊದಲೇ ನೆರಳು ತೋರಿಸುತ್ತಾರೆ. ತಮ್ಮ ಎತ್ತುಗಳನ್ನು ಬಿಚ್ಚಿ ಆಚೆ ಕಟ್ಟಿ, ಆ ಜಾಗವನ್ನು ಬಂದವರ ಗಾಡಿಗೆ ಬಿಟ್ಟುಕೊಟ್ಟವರನ್ನೂ ಅವಳು ಕಂಡಿದ್ದಾಳೆ. ಅಂಥಲ್ಲಿ ಬೇಡ ಅಂದರೆ ಮಂದಿಯ ಮುಖ ಸಣ್ಣದಾಗುತ್ತದೆ. ಆದರೂ ಅವಳು ಬೇಡ ಅನ್ನಲೇಬೇಕು. ಅವಳ ಗಾಡಿಗೆ ಡೀಸೆಲ್ ಎಷ್ಟು ಬೇಕೋ ಬಿಸಿಲೂ ಅಷ್ಟೇ ಬೇಕು.

ಆಳಂದದ ಬಸ್ ನಿಲ್ದಾಣದ ಹತ್ತಿರ ಅವಳ ಗಂಡ ಸಿದ್ದಲಿಂಗನದು ಫೋಟೊ ಸ್ಟುಡಿಯೊ ಇತ್ತು. ಅವನು ಫೋಟೊ ಹೊಡೆಯುತ್ತಿದ್ದ, ಇವಳು ಒಳಗೆ ಕೂತು ಮುಖಗಳನ್ನು ತಿದ್ದುತ್ತಿದ್ದಳು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಕಂಪ್ಯೂಟರಿನ ಮೇಲೆ ಕೈ ಕೂತದ್ದು ಸ್ಟುಡಿಯೊದ ಹಿಂದಿನ ಕೋಣೆಯಲ್ಲಿಯೇ. ಹರಿದ ಕಿವಿ, ಗೆದ್ದಲು ತಿಂದ ಹಣೆ, ಮಳೆನೀರು ಬಿದ್ದು ಕಲೆಯಾದ ಸೆರಗು, ಎಲ್ಲವನ್ನೂ ಅವಳು ಸೈರಣೆಯಿಂದ ಕೂಡಿಸುತ್ತಿದ್ದಳು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಫೋಟೊ ಹೊಡೆಸಿಕೊಳ್ಳುವವರು ಕಡಿಮೆಯಾದರು. ಹಳೆಯ ಫೋಟೊ ಸರಿ ಮಾಡಿಸಬೇಕೆನ್ನುವವರು ಮಾತ್ರ ಕಡಿಮೆಯಾಗಲಿಲ್ಲ. ಆದರೆ ಅವರು ಆಳಂದಕ್ಕೆ ಬರುವವರಲ್ಲ. ಗೋಡೆಯ ಮೇಲಿನ ಹಿರಿಯರನ್ನು ಇಳಿಸಿ, ಚೀಲದಲ್ಲಿ ಹಾಕಿ, ಬಸ್ಸಿನಲ್ಲಿ ಕಳಿಸಿಕೊಡಲು ಯಾರಿಗೆ ತಾನೆ ಮನಸ್ಸು ಬರುತ್ತದೆ?

“ಅವರು ಬರಂಗಿಲ್ಲ ಅಂದ್ರ ನಾವ ಹೋಗೋಣು” ಎಂದು ವಿದ್ಯಾವತಿ ಅಂದಳು.

ಸಾಲಿಯ ಮಕ್ಕಳನ್ನು ಸಾಗಿಸಿ ಹಳೆಯದಾದ ಒಂದು ವ್ಯಾನನ್ನು ಕೊಂಡು, ಸೀಟು ಕಿತ್ತು, ಒಂದು ಮಂಚ, ಒಂದು ಒಲೆ, ಒಂದು ಮೇಜು ಕೂಡಿಸಿದರು. ದಸರೆ ಮುಗಿಸಿಕೊಂಡು ಹೊರಟರೆ ಮಳೆ ಹಿಡಿಯುವವರೆಗೂ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳೇ ಅವರ ಓಣಿ. ಉಣ್ಣುವುದು, ಮಲಗುವುದು, ಕೆಲಸ ಎಲ್ಲ ಅದರಲ್ಲೇ.

ಕೆಲಸಕ್ಕೆ ಕರೆಂಟು ಬೇಕು. ಗಾಡಿಯ ತಲೆಯ ಮೇಲೆ ಒಂದು ಸೋಲಾರ್ ಪ್ಲೇಟು, ಮಂಚದ ಕೆಳಗೆ ಒಂದು ಬ್ಯಾಟರಿ, ಅದರ ಪಕ್ಕದಲ್ಲಿ ಇನ್ವರ್ಟರು. ಅದರಿಂದ ಲ್ಯಾಪ್‌ಟಾಪ್, ಪ್ರಿಂಟರ್, ಒಂದು ಸಣ್ಣ ಫ್ಯಾನು, ಒಂದು ದೀಪ, ಇಬ್ಬರ ಮೊಬೈಲು ನಡೆಯಬೇಕು. ಡಬ್ಬಿಯಲ್ಲಿ ಹಿಟ್ಟು ಎಷ್ಟಿದೆ ನೋಡಿಕೊಂಡು ರೊಟ್ಟಿ ಬಡಿಯುವ ಹಾಗೆ ಅವಳು ಕರೆಂಟು ಖರ್ಚು ಮಾಡುತ್ತಾಳೆ. ಎಲ್ಲಕ್ಕಿಂತ ಹೊಟ್ಟೆಬಾಕ ಪ್ರಿಂಟರ್. ಅದು ಶುರುವಾಯಿತೆಂದರೆ ಫ್ಯಾನು ಬಂದ್. ಆಗ ಸಿದ್ದಲಿಂಗ ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ ಹೊರಗೆ ಹೋಗಿ ಕೂರುತ್ತಾನೆ. ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿ ಎಂದೋ ಸತ್ತಿದೆ. ವಾಯರು ಕಿತ್ತರೆ ಆ ಕ್ಷಣವೇ ಪರದೆ ಕಪ್ಪು. ಯಾರದಾದರೂ ಮನೆಯ ಪಿನ್ನಿಗೆ ಹಚ್ಚಬಹುದಲ್ಲ ಎಂದರೆ, ಹೊಲದ ಪಂಪುಗಳು ಚಾಲೂ ಬಂದ್ ಆಗುವಾಗ ಕರೆಂಟು ಜಿಗಿಯುತ್ತದೆ. ಹಾಗೆ ಒಮ್ಮೆ ಚಾರ್ಜರು ಸುಟ್ಟುಕೊಂಡಿದ್ದಾಳೆ. ಗಾಡಿಯ ಎಂಜಿನ್ನಿಗೂ ಈ ಬ್ಯಾಟರಿಗೂ ಸಂಬಂಧ ಕೂಡಿಸಲು ಸಿದ್ದಲಿಂಗ ಹೋಗಿ, ಜೇವರ್ಗಿ ದಾರಿಯಲ್ಲಿ ವಾಯರಿನಿಂದ ಹೊಗೆ ಎದ್ದಿತ್ತು. ಅಂದಿನಿಂದ ಗಾಡಿಯ ಬ್ಯಾಟರಿ ಗಾಡಿಗೆ, ಮಂಚದ ಕೆಳಗಿನದು ಕೆಲಸಕ್ಕೆ.

ಈ ಬೇಸಿಗೆಯಲ್ಲಿ ಅತನೂರಿನಿಂದ ಫೋನು ಬಂತು. ಮಾಡಿದವಳು ಬಸವೇಶ್ವರಿ ಎಂಬ ಹೆಣ್ಣುಮಗಳು.

“ಅಕ್ಕಾರ, ನಮ್ಮ ಅತ್ತಿ ಕಣ್ಣು ಮಂಜ ಆಗ್ಯಾವ್ರಿ. ನರ ಹೋಗ್ಯದ, ಆಪರೇಶನ್ ಮಾಡಿದ್ರೂ ಬರಂಗಿಲ್ಲ ಅಂದಾರ. ದೊಡ್ಡದು, ಬೆಳಕ ಇದ್ದದ್ದು ಏನಾರ ಇದ್ರ ಜರಾ ಕಾಣ್ತದ. ಅದೂ ದಿನಾ ಕಮ್ಮಿ ಆಗಾಕತ್ತದ. ನಮ್ಮ ಮಾವನ ಫೋಟೊ ಒಂದು ಸಿಕ್ಕದ. ಅಕಿ ಕಣ್ಣು ಪೂರಾ ಹೋಗೂದ್ರಾಗ ಅದನ್ನ ತೋರಿಸ್ಬೇಕ್ರಿ.”

ಆ ಫೋಟೊದ ಕತೆ ಹೀಗಿತ್ತು. ಬಸವೇಶ್ವರಿಯ ಮಾವ ಕಲ್ಲಿನಾಥ ತೀರಿಕೊಂಡು ಬಹಳ ವರ್ಷವಾಗಿತ್ತು; ಆಗ ಮಗ ಅಪ್ಪನ ಮುಖ ನೆನಪಿಡದಷ್ಟು ಸಣ್ಣವ. ಅವರದೊಂದು ಫೋಟೊ ಮನೆಯಲ್ಲಿ ಇರಲಿಲ್ಲ. ಹೋದ ವರ್ಷ ಗೊಬ್ಬೂರಿನಲ್ಲಿ ಅವರ ಸೋದರಮಾವನ ಹಳೆಯ ಮನೆ ಕೆಡವುವಾಗ ಟ್ರಂಕಿನಲ್ಲಿ ಒಂದು ಸಿಕ್ಕಿತು. ಬಾವಿ ತೋಡಿ ನೀರು ಬಿದ್ದ ದಿನ ಬಾವಿಯ ದಂಡೆಯಲ್ಲಿ ನಿಲ್ಲಿಸಿ ತೆಗೆದದ್ದು. ಹತ್ತು ಹನ್ನೆರಡು ಗಂಡಸರು, ಒಬ್ಬೊಬ್ಬರ ಮುಖ ಜೋಳದ ಕಾಳಿನಷ್ಟು. ಆ ಗುಂಪಿನಲ್ಲಿ ಕಲ್ಲಿನಾಥ ಇದ್ದದ್ದು ಖರೆ ಎಂದು ಗೊಬ್ಬೂರಿನವರು ಹೇಳಿದರು. ಯಾವನು ಎಂದು ಹೇಳುವವರು ಉಳಿದಿರಲಿಲ್ಲ. ಫೋಟೊ ಮನೆಗೆ ಬರುವ ಹೊತ್ತಿಗೆ ಬಸವೇಶ್ವರಿಯ ಅತ್ತೆ ಹಣಮವ್ವನ ಕಣ್ಣು ಕಾಗದದ ಮೇಲಿನದನ್ನು ನೋಡುವಂತಿರಲಿಲ್ಲ.

ಕಾಗದ ಕಾಣದಿದ್ದರೂ ಲ್ಯಾಪ್‌ಟಾಪಿನ ಪರದೆ ಕಂಡೀತು ಎಂದು ವಿದ್ಯಾವತಿಗೆ ಅನಿಸಿತು. ಪರದೆಗೆ ಹಿಂದಿನಿಂದ ಬೆಳಕಿದೆ. ಒಂದು ಮುಖವನ್ನು ಬುಟ್ಟಿಯಷ್ಟು ಅಗಲ ಮಾಡಬಹುದು. ಜೇವರ್ಗಿ ಕಡೆಗೆ ಹೊರಟಿದ್ದವರು ಗಾಡಿಯನ್ನು ಅತನೂರಿಗೆ ತಿರುಗಿಸಿದರು.

ಅಂಗಳದಲ್ಲಿ ಒಂದು ಹುಣಸೆ ಮರ ಹಬ್ಬಿ ನಿಂತಿತ್ತು. ಹಣಮವ್ವ ಅದರ ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿದ್ದಳು. ಗಾಡಿಯ ಸಪ್ಪಳ ಕೇಳಿದ್ದೇ ಮಗ ಶಿವಪ್ರಕಾಶನಿಗೆ, “ಪ್ರಕಾಶಾ, ಎಮ್ಮಿ ಆ ಕಡಿ ಕಟ್ಟು. ಗಾಡಿ ನೆಳ್ಳಿಗಿ ಬರ್ಲಿ” ಅಂದಳು.

“ಬ್ಯಾಡ ಆಯಿ, ನಮಗ ಬಿಸಿಲ ಬೇಕು. ಮ್ಯಾಲ ಪ್ಲೇಟ ಅದ, ಅದಕ್ಕ ಬಿಸಿಲ ಬಿದ್ರ ಕರೆಂಟ್ ಬರ್ತದ” ಎಂದಳು ವಿದ್ಯಾವತಿ.

“ಇರ್ಲಿ ಬರ್ರಿ, ಭಿಡೆ ಮಾಡಬ್ಯಾಡ್ರಿ.”

“ಭಿಡೆ ಅಲ್ಲ ಆಯಿ, ಖರೇನ.”

“ಹೂಂ, ಹೂಂ” ಎಂದು ಮುದುಕಿ ನಕ್ಕಳು. ಆ ನಗುವಿನಲ್ಲಿ ಏನಿತ್ತೆಂದು ವಿದ್ಯಾವತಿ ಆಗ ಯೋಚಿಸಲಿಲ್ಲ. ಅವಳೂ ಇದೇ ಸೀಮೆಯವಳು. ಊಟಕ್ಕೆ ಏಳಿ ಅಂದರೆ ಮೊದಲ ಸಲ ಈಗ ಬೇಡ ಅನ್ನುವುದು, ಬಡಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳದೆ ತಾಟಿಗೆ ಇಟ್ಟೇಬಿಡುವುದು, ಇದು ಇಲ್ಲಿ ಎಲ್ಲರಿಗೂ ಗೊತ್ತಿರುವ ರೀತಿ. ಬಂದವರು ಬೇಡ ಅಂದದ್ದನ್ನು ಹಾಗೆಯೇ ನಂಬಿಬಿಟ್ಟರೆ ಅಂಥ ಮನೆಯನ್ನು ಮಂದಿ ಆಡಿಕೊಳ್ಳುತ್ತಾರೆ.

ಎರಡು ದಿನ ಮೋಡ ಮುಸುಕಿದ್ದರಿಂದ ಬ್ಯಾಟರಿ ಅರ್ಧಕ್ಕೆ ಇಳಿದಿತ್ತು. ಈ ದಿನ ಆಕಾಶ ತಿಳಿಯಾಗಿ, ಬಿಸಿಲು ಚುರುಕಾಗಿತ್ತು. ವಿದ್ಯಾವತಿ ಫೋಟೊವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಕಲೆ ತೆಗೆಯುವ ಕೆಲಸ ಹಚ್ಚಿದಳು. ಅದು ತನ್ನಷ್ಟಕ್ಕೆ ನಡೆಯುತ್ತಿರಲಿ ಎಂದು ಬಿಟ್ಟು, ಯಂತ್ರ ಕಾಯಬಾರದೆಂದು ಫ್ಯಾನನ್ನೂ ಅದರ ಕಡೆ ತಿರುಗಿಸಿ, ಇಬ್ಬರೂ ಊಟಕ್ಕೆ ಹೋದರು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬಸವೇಶ್ವರಿ ಸಾಕು ಅಂದರೂ ಬಿಡಲಿಲ್ಲ. ಎದ್ದು ಕೈ ತೊಳೆಯುವಾಗ ಹೊತ್ತು ಸಾಕಷ್ಟು ಏರಿತ್ತು.

ಹಣಮವ್ವನನ್ನು ಕೈ ಹಿಡಿದು ಗಾಡಿಯ ಹಿಂಬಾಗಿಲಿಂದ ಹತ್ತಿಸಿ ಮಂಚದ ಮೇಲೆ ಕೂರಿಸಿದರು. ಒಳಗೆ ತಣ್ಣಗಿತ್ತು. ಈ ಬಿಸಿಲಿನಲ್ಲಿಯೂ ಇಷ್ಟು ತಂಪೇ ಎಂದು ವಿದ್ಯಾವತಿಗೆ ಸ್ವಲ್ಪ ಸೋಜಿಗವಾಯಿತು. ಆದರೆ ಮುದುಕಿ ಪರದೆಯ ಕಡೆ ಆಗಲೇ ಮುಖ ಚಾಚಿದ್ದಳು.

“ಮೊದಲ ರುಮಾಲದಂವನ್ನ ತೋರಸ್ರಿ, ಅಕ್ಕಾರ. ನಡುವ ನಿಂತಾನ ನೋಡ್ರಿ, ದೊಡ್ಡ ಮೀಸಿ” ಎಂದ ಶಿವಪ್ರಕಾಶ. “ಅವರ ನಮ್ಮಪ್ಪ. ನನ್ನ ಮೀಸೀನೂ ಬರೋಬ್ಬರಿ ಹಂಗ ಅದ.”

ವಿದ್ಯಾವತಿ ರುಮಾಲಿನವನ ಮುಖವನ್ನು ಅಗಲ ಮಾಡಿದಳು. ಹಣಮವ್ವ ಮೂಗು ತಾಗುವಷ್ಟು ಬಾಗಿದಳು. “ಏನೋ ಕಾಣಾಕತ್ತದ ಬೇ... ಬೆಳ್ಳಗ...” ಅನ್ನುವಷ್ಟರಲ್ಲಿ ಮಂಚದ ಕೆಳಗೆ ಇನ್ವರ್ಟರು ಕೀ ಎಂದು ಒದರಿತು. ಪರದೆ ಕಪ್ಪಾಯಿತು. ಫ್ಯಾನು ನಿಂತಿತು.

“ನನ್ನ ಕಣ್ಣೇ ಹೋತೇನು?” ಎಂದಳು ಮುದುಕಿ. ಅವಳ ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು.

“ಇಲ್ಲ ಆಯಿ, ಕರೆಂಟ್ ಹೋತು.” ವಿದ್ಯಾವತಿ ಆ ಕೈಯನ್ನು ಹಿಡಿದುಕೊಂಡು ಗಾಡಿಯ ಗೋಡೆಗೆ ಹಚ್ಚಿದ ಸೋಲಾರ್ ಡಬ್ಬಿಯ ದೀಪ ನೋಡಿದಳು. ಬಿಸಿಲಿದ್ದಾಗ ಹಸಿರು ಉರಿಯಬೇಕಾದ ದೀಪ ಆರಿತ್ತು. ಮಟಮಟ ಮಧ್ಯಾಹ್ನ! ಪ್ಲೇಟೇ ಕೆಟ್ಟಿತೇನೋ ನೋಡು ಎಂದು ಗಂಡನನ್ನು ಹೊರಗೆ ಕಳಿಸಿದಳು.

ಹೊರಗೆ ಓಡಿದ ಸಿದ್ದಲಿಂಗ ಅಲ್ಲಿಂದಲೇ ಕೂಗಿದ. “ಏ ಬೇ, ಇಲ್ಲಿ ಬಾ. ನಮ್ಮ ಗಾಡಿಗಿ ಹಾಸಿಗಿ ಹೊಚ್ಚ್ಯಾರ!”

ಗಾಡಿಯ ತಲೆಯ ತುಂಬ ಕೌದಿಗಳು. ಒಂದರ ಮೇಲೊಂದು. ಅವುಗಳ ಮೇಲೆ ನೀರಲ್ಲಿ ಅದ್ದಿದ ಗೋಣಿಚೀಲ. ಚೀಲದ ನೀರು, ಮನೆಯ ಕಡೆಯಿಂದ ಕಾಣದ ಆಚೆ ಬದಿಯ ಕಿಟಕಿಯ ಗಾಜಿನ ಮೇಲೆ ಸಣ್ಣಗೆ ಇಳಿಯುತ್ತಿತ್ತು.

“ನಾನ ಹಾಕ್ಸೀನಿ” ಎಂದು ಒಳಗಿಂದ ಹಣಮವ್ವ ಹೇಳಿದಳು. “ನೀವು ಊಟಕ್ಕ ಹೋದ ಮ್ಯಾಲ ಆಳು ಮನಿಶಾಗ ಹೇಳಿ ಹಾಕ್ಸೀನಿ. ಗಾಡಿ ಕೈಲೆ ಮುಟ್ಟಿದ್ರ ಕಾದ ಹಂಚು ಮುಟ್ಟಿದಂಗ ಆಗಿತ್ತು. ನೀವು ಭಿಡೆಕ್ಕ ಬ್ಯಾಡ ಅಂದ್ರಿ, ನಮಗರೆ ತಿಳಿಯಬೇಕಲ್ಲ?”

ಬಸವೇಶ್ವರಿ ಬಾಯಿಗೆ ಸೆರಗು ಹಿಡಿದು ನಕ್ಕಳು. “ಅತ್ತಿ, ಹೊಸಾ ಕೌದಿನೂ ಬಿಟ್ಟಿಲ್ಲಲ್ಲ ನೀವು! ನನ್ನ ಮಗಳಿಗಿ ಹೊಲದದ್ದ ಅದು.”

“ಮನಿಗಿ ಬಂದ ಬೀಗರಿಗಿ ಹಳೀದ ಹಾಕ್ತಾರೇನ ಬೇ?” ಎಂದಳು ಹಣಮವ್ವ.

ಕೌದಿ ಇಳಿಸಿದರು. ದೀಪ ಹಸಿರಾಯಿತು. ಆದರೆ ಬರಿದಾದ ಬ್ಯಾಟರಿ ತುಂಬಲು ಹೊತ್ತು ಬೇಕು. ಶಿವಪ್ರಕಾಶನಿಗೆ ತಡೆಯಲಿಲ್ಲ. “ಮನ್ಯಾಗಿನ ಪಿನ್ನಿಗಿ ಹಚ್ರಿ” ಎಂದ. ಮನೆಯಲ್ಲಿ ಮುಂಜಾನೆಯಿಂದ ಕರೆಂಟೇ ಇಲ್ಲವೆಂದು ಹೆಂಡತಿ ನೆನಪು ಮಾಡಿದಳು. “ಟ್ರ್ಯಾಕ್ಟರದ ಬ್ಯಾಟರಿ ಬಿಚ್ಚಿ ತರ್ಲೇನ್ರಿ ಅಣ್ಣಾರ?” ಎಂದ.

“ಬ್ಯಾಡ್ರಿಪಾ” ಎಂದು ಸಿದ್ದಲಿಂಗ ಕೈ ಮುಗಿದ. “ಹಂಗ ಜೋಡಿಸಾಕ ಹೋಗಿ ಒಮ್ಮಿ ಹೊಗಿ ಎಬ್ಬಿಸೀನಿ. ಇನ್ನೊಮ್ಮಿ ಮಾಡಿದ್ರ ಇಕಿ ನನ್ನ ಗಾಡಿ ಹತ್ತಿಸಂಗಿಲ್ಲ.”

“ಇರ್ಲಿ ಬಿಡೋ. ಇಷ್ಟು ವರ್ಷ ಕಾದೀನಿ, ಬಿಸಿಲಿಗಿ ಕಾಯಲೇನು?” ಎಂದಳು ಹಣಮವ್ವ.

ಕಾಯುತ್ತ ಅವಳು ಮಾತಾಡಿದಳು. ವಿದ್ಯಾವತಿ ಕೇಳಿದಳು. ಕೆಲಸದಲ್ಲಿ ಅವಳಿಗೆ ಅದು ರೂಢಿ. ಮುಖ ತಿದ್ದುವ ಮೊದಲು ಆ ಮನುಷ್ಯ ಹೇಗಿದ್ದ ಎಂದು ಮನೆಯವರ ಬಾಯಿಂದ ಕೇಳಿಕೊಳ್ಳುತ್ತಾಳೆ.

“ಹೆಂಗಿದ್ರು ಆಯಿ ಅವರು?”

“ಹೆಂಗಂದ್ರ? ಎತ್ತರ ಆಳು. ಮಾತು ಕಮ್ಮಿ. ನಾ ಬಂದಾಗ ಅತ್ತಿ ಮಾವ ಇದ್ದ ಮನಿ. ಹಗಲ ಅವರ ಮುಂದ ನಿಂತು ಮಾರಿ ನೋಡೂದು ಎಲ್ಲಿ ಬಂತು? ಹೊಲಕ್ಕ ಹೊಂಟ್ರ ಅವರು ಮುಂದ, ನಾ ಬುತ್ತಿ ಹೊತಗೊಂಡು ಹಿಂದ. ಬರುವಾಗೂ ಹಂಗ. ಹಿಂಗ ಹರೇ ಎಲ್ಲ ಹೋತು.” ಮುದುಕಿ ಕೋಲಿನಿಂದ ನೆಲದ ಮೇಲೆ ಏನೋ ಗೀಚಿದಳು. “ಹೋದ ಮ್ಯಾಲ ಮಾರಿ ನೆಪ್ಪು ಮಾಡಿಕೊಳ್ಳಾಕ ಕೂತ್ರ ಬರಂಗಿಲ್ಲ ನೋಡು. ಜಾರ್ತದ. ಅದಕ್ಕ ಈ ಫೋಟೊ ಸಿಕ್ಕದ ಅಂದಾಗ, ಕಣ್ಣ ಇರೂದ್ರಾಗ ಒಂದು ಸಲ ಕಂಡ್ರ ಸಾಕು ಅನಿಸ್ತು.”

“ಅವರ ಹೆಸರು ಫೋಟೊದ ಕೆಳಗ ಬರೀಬೇಕು, ಹೆಂಗ ಬರೀಲಿ?”

“ಪ್ರಕಾಶನ್ನ ಕೇಳು” ಎಂದು ಹಣಮವ್ವ ಸೆರಗು ಎಳೆದುಕೊಂಡಳು.

ಪಡುವಣದಲ್ಲಿ ಮೋಡ ಏಳುತ್ತಿತ್ತು. ಸಂಜೆಗೆ ಅಡ್ಡಮಳೆ ಬರುವ ಲಕ್ಷಣ. ಬ್ಯಾಟರಿ ಇನ್ನೂ ತಳ ಬಿಟ್ಟು ಬಹಳ ಮೇಲೆ ಬಂದಿರಲಿಲ್ಲ. ಆದರೂ ವಿದ್ಯಾವತಿ ಈಗಲೇ ಆಗಬೇಕು ಎಂದು ಎದ್ದಳು. ಫ್ಯಾನಿನ ವಾಯರು ಕಿತ್ತಳು, ಮೊಬೈಲು ಕಿತ್ತಳು, ದೀಪ ಆರಿಸಿದಳು. ಕರೆಂಟೆಲ್ಲ ಲ್ಯಾಪ್‌ಟಾಪ್ ಒಂದಕ್ಕೇ ಬಿಟ್ಟಳು. ಕೌದಿಯಿಲ್ಲದ ಗಾಡಿ ಈಗ ಕಾದ ಹಂಚು. ಐದೂ ಜನರ ಮೈಯಿಂದ ಬೆವರು ಇಳಿಯುತ್ತಿತ್ತು. ಪರದೆ ಮತ್ತೆ ಬೆಳಗಿತು. ಅವಳು ಅದರ ಬೆಳಕನ್ನು ಪೂರ್ತಿ ಏರಿಸಿದಳು.

ರುಮಾಲಿನವನ ಮುಖ ಬಂತು. ಹಣಮವ್ವ ಬಹಳ ಹೊತ್ತು ನೋಡಿದಳು.

“ಇಂವ ಅಲ್ಲ.”

“ಸರಿಯಾಗಿ ನೋಡವ್ವಾ” ಎಂದ ಶಿವಪ್ರಕಾಶ.

“ಸರಿಯಾಗೇ ನೋಡೀನಿ. ಇಂವ ಬಾವಿ ಮೇಸ್ತ್ರಿ. ಮೀಸಿ ಕಾಣಲಾರದ್ದೇನು? ನನ್ನ ಮದಿವ್ಯಾಗ ಹೋಳಿಗಿ ಸಾಲಲಿಲ್ಲಂತ ಜಗಳಾ ತಗದಂವ.”

ಬಸವೇಶ್ವರಿ ತಡೆದುಕೊಳ್ಳಲಾರದೆ ಗಂಡನ ಕಡೆ ತಿರುಗಿದಳು. “ಅಲ್ರೀ, ಹಂಗಾದ್ರ ಇಷ್ಟು ದಿನ ಮೊಬೈಲದಾಗ ಮೇಸ್ತ್ರಿ ಫೋಟೊ ಇಟ್ಕೊಂಡು ಅಪ್ಪಾ ಅಪ್ಪಾ ಅಂತ ಕೈ ಮುಗದ್ರಲ್ಲ. ಊರಮಂದಿಗೆಲ್ಲ ಕಳಿಸೀರಿ!”

“ನೀ ಸುಮ್ಮನಿರ ಬೇ” ಎಂದ ಶಿವಪ್ರಕಾಶ, ಮೀಸೆಯ ಮೇಲೆ ಕೈ ಆಡಿಸಿಕೊಂಡು.

ವಿದ್ಯಾವತಿ ಒಂದೊಂದೇ ಮುಖ ತಂದಳು, ಹಣಮವ್ವ ಹೇಳುತ್ತ ಹೋದಳು. ಇವನಲ್ಲ. ಇವನೂ ಅಲ್ಲ. ಇವನು ನನ್ನ ಮೈದುನ. ಇವನ ಹೆಸರು ಗೊತ್ತಿಲ್ಲ. ಮುಂದೆ ನೋಡುತ್ತ ನಿಂತವರ ಮುಖಗಳೆಲ್ಲ ಮುಗಿದವು. ಫೋಟೊದಲ್ಲಿ ಅವನು ಇಲ್ಲವೇ ಇಲ್ಲವೇನೋ ಎಂದು ವಿದ್ಯಾವತಿಗೆ ಅನಿಸಿತು. ಇನ್ನು ಉಳಿದದ್ದು ಮೂಲೆಯಲ್ಲಿ ಒಬ್ಬ. ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ಬಾವಿಯೊಳಗೆ ಬಗ್ಗಿ ನೋಡುತ್ತಿದ್ದ ಆಳು. ಕುತ್ತಿಗೆಯ ಹಿಂಬದಿ, ಒಂದು ಕಿವಿ, ಕೆನ್ನೆಯ ಒಂದು ಚೂರು, ಅಷ್ಟೇ. ಫೋಟೊಕ್ಕೆ ನಿಲ್ಲು ಅಂದರೂ ಬಂದ ನೀರನ್ನು ನೋಡುತ್ತ ನಿಂತುಬಿಟ್ಟವನು. ಅವಳು ಅವನನ್ನೂ ಅಗಲ ಮಾಡಿದಳು.

ಹಣಮವ್ವ ಕೂತಲ್ಲೇ ನೆಟ್ಟಗಾದಳು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು.

“ಇವರ.”

“ಮಾರೀನ ಕಾಣವಲ್ದಲ್ಲವ್ವಾ?” ಎಂದ ಮಗ.

“ನಿನಗ ಮಾರಿ ಬೇಕು. ನಾ ಈ ಕುತಗಿ ನೋಡಕೋತನ ಹೊಲಕ್ಕ ಹೋಗೀನಿ, ಬಂದೀನಿ. ಎಡಗಡಿ ಭುಜ ಒಂದಿಷ್ಟು ಇಳದದ ನೋಡು. ಕಿವಿ ಹಿಂದ ಗಾಯದ ಗುರ್ತ ಅದ ಏನು?”

ವಿದ್ಯಾವತಿ ಇನ್ನೂ ಅಗಲ ಮಾಡಿದಳು. ಕಿವಿಯ ಹಿಂದೆ ಬೆಳ್ಳನೆಯ ಒಂದು ಗೆರೆ ಇತ್ತು. ಮುಂಜಾನೆ ಅದನ್ನು ಕಾಗದದ ಕಲೆ ಎಂದೇ ತಿಳಿದು, ಆಮೇಲೆ ಕೈಯಿಂದ ತೆಗೆದರಾಯಿತು ಎಂದು ಅವಳು ಬಿಟ್ಟಿದ್ದಳು. “ಅದ ಆಯಿ” ಅಂದಳು.

“ಮೇವು ಹೊರಿಸುವಾಗ ನನ್ನ ಕೈಲೆ ಕುಡಗೋಲು ತಾಗಿದ್ದು. ಯಾರ ಮುಂದೂ ಹೇಳಲಿಲ್ಲ ಅವರು.”

ಶಿವಪ್ರಕಾಶ ಕೆಮ್ಮಿದ. “ಅಕ್ಕಾರ, ಈಗ ಎಐ ಬಂದದಲ್ರಿ. ಬೆನ್ನು ಇದ್ರೂ ಪೂರಾ ಮಾರಿ ಮಾಡಿ ಕೊಡ್ತದ ಅಂತಾರ. ಹಂಗ ಮಾಡಿ ಕಟ್ಟು ಹಾಕಿಸಿಬಿಡೋಣು” ಅಂದ.

“ಮಾಡ್ಬಹುದು ತಮ್ಮಾ. ಚೆಂದ ಮಾರಿ ಒಂದು ಬರ್ತದ. ಅದು ನಿಮ್ಮಪ್ಪಂದು ಅಂತ ಹೇಳಾಕ ನನ್ನಿಂದ ಆಗಂಗಿಲ್ಲ” ಎಂದಳು ವಿದ್ಯಾವತಿ. “ಆಯಿ ಏನಂತಾರೋ ಹಂಗ.”

“ಒಮ್ಮಿ ಮೇಸ್ತ್ರಿಗಿ ಕೈ ಮುಗದಾನ, ಸಾಕು” ಎಂದಳು ಹಣಮವ್ವ. “ನಂಗ ಹಿಂಗ ಬೇಕು. ಇದ್ದಂಗ.”

ಡಬ್ಬಿಯ ಹಸಿರು ದೀಪ ಮಂದವಾಗುತ್ತಿತ್ತು. ಮೋಡ ಹೊತ್ತನ್ನು ಮುಚ್ಚಿತ್ತು. ಬ್ಯಾಟರಿಯಲ್ಲಿ ಉಳಿದದ್ದು ಎಷ್ಟೆಂದು ವಿದ್ಯಾವತಿಗೆ ಅಂದಾಜಿತ್ತು. ಪ್ರಿಂಟರ್ ಹಚ್ಚಿದರೆ ಒಂದು ದೊಡ್ಡ ಕಾಗದ ಬಂದೀತು, ಆಮೇಲೆ ಏನೂ ಉಳಿಯುವುದಿಲ್ಲ. ಇವತ್ತು ಕಾಗದ ತೆಗೆದುಕೊಟ್ಟರೆ ಸಂಜೆಯೇ ಜೇವರ್ಗಿಯ ದಾರಿ ಹಿಡಿಯಬಹುದು. ಅಲ್ಲಿಯ ಮಂದಿ ಆಗಲೇ ಎರಡು ಸಲ ಫೋನು ಮಾಡಿದ್ದರು. ಸಿದ್ದಲಿಂಗ ಪ್ರಿಂಟರಿನ ಮೇಲಿನ ಬಟ್ಟೆ ತೆಗೆದು ಕಾಗದ ತುಂಬುತ್ತಿದ್ದ.

“ಆಯಿ” ಎಂದಳು ವಿದ್ಯಾವತಿ. “ಕರೆಂಟ್ ಜರಾ ಉಳದದ. ಕಾಗದ ತಗದ್ರ ಇದು ಬಂದ್ ಆಗ್ತದ. ಇದು ಹಂಗ ಇಟ್ರ ಇವತ್ತ ಕಾಗದ ಆಗಂಗಿಲ್ಲ. ಯಾವುದ ಮಾಡ್ಲಿ?”

“ಕಾಗದ ನನಗ ಕಾಣ್ತದೇನು?”

“ಇಲ್ಲ.”

“ಹಂಗಾದ್ರ ಅದು ನಾಳಿ ಮಾಡು. ಗ್ವಾಡಿಗಿ ಹಾಕೂದು ಇವರಿಗಿ. ಇದು ನನಗ.”

ಸಿದ್ದಲಿಂಗ ಹೆಂಡತಿಯ ಮುಖ ನೋಡಿದ. ಅವಳು ಇವತ್ತು ಬೇಡವೆಂದು ತಲೆ ಅಲ್ಲಾಡಿಸಿದಳು. ಅವನು ಕಾಗದವನ್ನು ಮತ್ತೆ ಕಟ್ಟಿಗೆ ಸೇರಿಸಿ, ಮೊಬೈಲು ಹಿಡಿದು ಜೇವರ್ಗಿಯವರಿಗೆ ನಾಳೆ ಬರುತ್ತೇವೆ ಎಂದು ಹೇಳಲು ಹೊರಗೆ ಹೋದ. ಮಗ ಸೊಸೆಯೂ ಇಳಿದುಹೋದರು. ಹಣಮವ್ವ ಪರದೆಯ ಮುಂದೆ ಕೂತೇ ಇದ್ದಳು. ನಡುವೆ ಒಂದೇ ಸಲ, “ಜರಾ ಈ ಕಡಿ ಸರಸು” ಅಂದಳು. ವಿದ್ಯಾವತಿ ಸರಿಸಿದಳು. ಹೊರಗೆ ನಾಲ್ಕು ಹನಿ ಬಿದ್ದು ಮಣ್ಣಿನ ವಾಸನೆ ಎದ್ದಿತು. ಇನ್ವರ್ಟರು ಮತ್ತೆ ಕೀ ಎಂದಾಗ ಮುದುಕಿ ಬೆಚ್ಚಲಿಲ್ಲ. ಪರದೆ ಆರಿದ ಮೇಲೆ ಕೋಲು ಹುಡುಕಿಕೊಂಡು ಎದ್ದಳು.

“ನಾಳಿ ನೀ ಕಾಗದ ತಗಿಯೂ ಮೊದಲ ನನಗ ಇನ್ನೊಮ್ಮಿ ತೋರಸ್ತಿ?”

“ತೋರಸ್ತೀನಿ. ಬಿಸಿಲ ಮುಂಜಾನಿ ಜಲ್ದಿ ಬೇಕು ಅಷ್ಟ. ಇಲ್ಲಿ ಹುಣಚಿ ಗಿಡದ ನೆಳ್ಳು ಅಡ್ಡ ಬರ್ತದ.”

ಹಣಮವ್ವ ಬಾಗಿಲಲ್ಲಿ ನಿಂತು, ಕಾಣದ ಅಂಗಳದ ಕಡೆ ಕೋಲು ಚಾಚಿದಳು. “ಮೊದಲ ಬಿಸಿಲು ಆ ಕಡಿ ಬೀಳ್ತದ, ತಿಪ್ಪಿ ಮಗ್ಗಲಿಗಿ. ಅಲ್ಲಿ ಸಂಜಿತನಾ ಒಂದು ಎಲಿ ನೆಳ್ಳು ಇಲ್ಲ. ಅಲ್ಲಿ ನಿಂದ್ರಸ್ರಿ.”

ಸಿದ್ದಲಿಂಗ ಮೂಗಿಗೆ ಟವೆಲು ಕಟ್ಟಿಕೊಂಡು ಗಾಡಿಯನ್ನು ತಿಪ್ಪೆಯ ಪಕ್ಕಕ್ಕೆ ತಂದು ನಿಲ್ಲಿಸಿದ.